ಸತ್ಯಾಂಶ: ಪೈಲಟ್ ಮಾಯವಾಗುವ ಕಥೆ ಬೈಬಲಿನದ್ದಲ್ಲ

‘ಲೋಕಾಂತ್ಯದಲ್ಲಿ ಪೈಲಟ್‌ಗಳು ಮಾಯವಾಗಿ ವಿಮಾನಗಳು ಬೀಳುತ್ತವೆ, ಬೈಬಲಿನ ಪ್ರಕಟನೆ ಗ್ರಂಥದಲ್ಲೇ ಹೀಗೆ ಬರೆದಿದೆ, ಎಲ್ಲ ಕ್ರೈಸ್ತರ ನಂಬಿಕೆಯೂ ಇದೇ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ನಿಜವಲ್ಲ.

ಇಂಥ ಚಿತ್ರಣಕ್ಕೆ ಹೆಚ್ಚು ಪ್ರಚಾರ ಕೊಟ್ಟದ್ದು 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಲೆಫ್ಟ್ ಬಿಹೈಂಡ್’ ಕಾದಂಬರಿ ಮಾಲೆ. ಅದರಲ್ಲಿ ಲಂಡನ್‌ಗೆ ಹೊರಟ ವಿಮಾನದಲ್ಲಿ ಹಲವು ಪ್ರಯಾಣಿಕರು ಇದ್ದಕ್ಕಿದ್ದಂತೆ ಕಾಣೆಯಾಗುತ್ತಾರೆ. ಸೀಟುಗಳಲ್ಲಿ ಅವರು ತೊಟ್ಟಿದ್ದ ಬಟ್ಟೆಗಳಷ್ಟೇ ಉಳಿದಿರುತ್ತವೆ. ಓದುಗರನ್ನು ಹಿಡಿದು ಕೂರಿಸುವ ದೃಶ್ಯ, ಒಪ್ಪೋಣ. ಆದರೆ ಅದು ಕಥೆಗಾರರ ಕಲ್ಪನೆ. ವಿಶ್ವಾಸಿಗಳು, ಅಂದರೆ ಯೇಸುವನ್ನು ನಂಬಿದವರು, ಮೇಘಗಳಲ್ಲಿ ಒಯ್ಯಲ್ಪಡುವರೆಂಬ ಮಾತು ಬೈಬಲಿನಲ್ಲಿ ಇರುವುದು ಆದಿ ಕ್ರೈಸ್ತ ಬೋಧಕ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ. ಅದೂ ತಮ್ಮವರನ್ನು ಕಳೆದುಕೊಂಡು ದುಃಖಿಸುತ್ತಿದ್ದವರಿಗೆ ಹೇಳಿದ ಸಾಂತ್ವನವಾಗಿ. ಅದೇ ಮಾತನ್ನು ಜನರನ್ನು ಹೆದರಿಸಲು ಬಳಸುವುದನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಲೋಕಾಂತ್ಯದ ಮುನ್ನ ಬರುವುದೆನ್ನಲಾದ ಘೋರ ಕಷ್ಟಕಾಲವಾದ ‘ಮಹಾಸಂಕಟ’ಕ್ಕೆ ಮೊದಲೇ ವಿಶ್ವಾಸಿಗಳು ಮರೆಯಾಗುವರೆಂಬ ವಾದವನ್ನು ಪ್ರಚುರಪಡಿಸಿದವರು 19ನೇ ಶತಮಾನದ ಕ್ರೈಸ್ತ ಬೋಧಕ ಜಾನ್ ನೆಲ್ಸನ್ ಡಾರ್ಬಿ. ಅಮೆರಿಕದ ಅನೇಕ ಇವಾಂಜೆಲಿಕಲ್ (ಬೈಬಲಿನ ಮಾತಿಗೇ ಹೆಚ್ಚು ಒತ್ತು ಕೊಡುವ ಪ್ರೊಟೆಸ್ಟೆಂಟ್) ಓದುಗರು ಈ ಕಾದಂಬರಿಗಳನ್ನು ಭವಿಷ್ಯವಾಣಿಯ ಹಾಗೆಯೇ ಓದಿದ್ದುಂಟು. ಕೆಥೋಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳು ಮಾತ್ರ ಈ ವಾದವನ್ನು ಬೋಧಿಸುವುದಿಲ್ಲ. 2003ರಲ್ಲಿ ಇಲಿನಾಯ್ ರಾಜ್ಯದ ಕೆಥೋಲಿಕ್ ಬಿಷಪ್‌ಗಳು ಈ ಮಾಲೆಯನ್ನು ಬಹಿರಂಗವಾಗಿಯೇ ಟೀಕಿಸಿದ್ದರು.