ಭಗವತಿ ಅಂದರೆ ಬರೀ ಪಿಐಎಲ್ ಅಲ್ಲ

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಪಿ.ಎನ್. ಭಗವತಿ ಅವರನ್ನು ನಿಮ್ಮ ಲೇಖನದಲ್ಲಿ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಪಿತಾಮಹ ಅಂತ ಹೊಗಳಿದ್ದೀರಿ, ಸರಿ. ಆದರೆ 1976ರ ಎಡಿಎಂ ಜಬಲ್ಪುರ ಕೇಸನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಲ್ಲ! ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಬಿದ್ದವರು ಬಿಡುಗಡೆಗಾಗಿ ಕೋರ್ಟಿಗೆ ಹೋಗುವ ಹಾಗೇ ಇಲ್ಲ ಎಂದ ನಾಲ್ವರು ನ್ಯಾಯಮೂರ್ತಿಗಳಲ್ಲಿ ಇವರೂ ಒಬ್ಬರು. ಒಪ್ಪದಿದ್ದವರು ಎಚ್.ಆರ್. ಖನ್ನಾ ಒಬ್ಬರೇ, ಮರುವರ್ಷ ಅವರಿಗೆ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ಭಗವತಿ 1985ರಲ್ಲಿ ಅದೇ ಕುರ್ಚಿಯಲ್ಲಿ ಕೂತರು.

ಹಾಗಂತ 1979ರಲ್ಲಿ ಇದೇ ಭಗವತಿ ತೀರ್ಪು ಕೊಟ್ಟ ಹುಸೇನಾರಾ ಖಾತೂನ್ ಕೇಸನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ವಿಚಾರಣೆಯೇ ಇಲ್ಲದೆ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರು ಹೊರಗೆ ಬಂದದ್ದು ಅದರಿಂದ. ಮೂರೇ ವರ್ಷದಲ್ಲಿ ಹೀಗೆ ಬದಲಾದದ್ದು ಪಶ್ಚಾತ್ತಾಪವೋ, ಗಾಳಿ ಬಂದ ಕಡೆ ತೂರಿಕೊಂಡದ್ದೋ? ನನಗಂತೂ ಅನುಮಾನ ಹೋಗಿಲ್ಲ. 2011ರಲ್ಲಿ ಜಬಲ್ಪುರ ತೀರ್ಪು ತಪ್ಪಾಯಿತು ಅಂದರು, 35 ವರ್ಷ ಜಾಸ್ತಿಯೇ ತಡ ಅಲ್ವಾ? 2017ರ ಜೂನ್‌ನಲ್ಲಿ ತೀರಿಕೊಂಡರು. ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿದ್ದು ಎರಡು ತಿಂಗಳ ನಂತರ.