ಫೆಲ್ಡ್‌ಸ್ಪಾರ್‌ನ ಕಬ್ಬಿಣದಿಂದ ಶಿಲಾಪಾಕದ ಆಮ್ಲಜನಕವನ್ನು ಅಳೆಯಬಹುದೇ? ಪರ-ವಿರೋಧ

ಪರ

ಪ್ಲೇಜಿಯೊಕ್ಲೇಸ್ ಫೆಲ್ಡ್‌ಸ್ಪಾರ್ ಅನ್ನು ಕಬ್ಬಿಣದ ಖನಿಜವೆಂದು ಯಾರೂ ಕರೆಯುವುದಿಲ್ಲ. ಸಿಲಿಕಾನ್, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಸೋಡಿಯಂ ಮತ್ತು ಆಮ್ಲಜನಕಗಳಿಂದಾದ ಆ ಹರಳಿನಲ್ಲಿ ಕಬ್ಬಿಣದ ಪಾಲು ಸಾಮಾನ್ಯವಾಗಿ ಶೇ. 1ನ್ನೂ ಮುಟ್ಟುವುದಿಲ್ಲ. ಆದರೂ ಆ ಅಲ್ಪಾಂಶವನ್ನು ನಿರ್ಧರಿಸುವಲ್ಲಿ ಶಿಲಾಪಾಕದ, ಅಂದರೆ ಹರಳು ಬೆಳೆಯುವ ಕರಗಿದ ಶಿಲೆಯ (ಮ್ಯಾಗ್ಮಾ), ಆಮ್ಲಜನಕಕ್ಕೆ ದೊಡ್ಡ ಪಾತ್ರವಿದೆ. ಇಲ್ಲಿ ಆಮ್ಲಜನಕವೆಂದರೆ ಗುಳ್ಳೆಗಳಾಗಿ ಏಳುವ ಅನಿಲವಲ್ಲ. ಪಾಕದ ಉತ್ಕರ್ಷಣ ಸಾಮರ್ಥ್ಯವನ್ನು ಸೂಚಿಸುವ, ಫ್ಯುಗಾಸಿಟಿ ಎಂಬ ಅಳತೆ. 1200 ಡಿಗ್ರಿ ಸೆಲ್ಸಿಯಸ್ ಬಿಸಿಯ ಸಾಧಾರಣ ಬಸಾಲ್ಟ್ ಪಾಕದಲ್ಲಿ ಅದು ಒಂದು ವಾಯುಭಾರದ ಹತ್ತು ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ.

ಈ ಅಳತೆ ಏರಿದಂತೆ ಪಾಕದ ಫೆರಸ್ ಕಬ್ಬಿಣದಲ್ಲಿ (Fe²⁺) ಹೆಚ್ಚಿನ ಅಂಶ ಉತ್ಕರ್ಷಣಗೊಂಡು ಫೆರಿಕ್ (Fe³⁺) ಆಗುತ್ತದೆ. ಫೆರಿಕ್ ಅಯಾನಿನ ವಿದ್ಯುದಂಶ ಅಲ್ಯೂಮಿನಿಯಂನಷ್ಟೇ. ನಾಲ್ಕು ಆಮ್ಲಜನಕಗಳ ನಡುವೆ ಅದರ ತ್ರಿಜ್ಯ 0.49 ಆಂಗ್‌ಸ್ಟ್ರಾಮ್, ಅಲ್ಯೂಮಿನಿಯಂನದು 0.39. ಸ್ವಲ್ಪ ಇಕ್ಕಟ್ಟಾದರೂ ಹರಳಿನಲ್ಲಿ ಅಲ್ಯೂಮಿನಿಯಂ ಕೂರುವ ಸ್ಥಾನದಲ್ಲಿ ಅದಕ್ಕೆ ಜಾಗ ಸಿಗುತ್ತದೆ. ಮಡಗಾಸ್ಕರ್‌ನ ಆರ್ಥೊಕ್ಲೇಸ್ (ಇನ್ನೊಂದು ಬಗೆಯ ಫೆಲ್ಡ್‌ಸ್ಪಾರ್) ರತ್ನಗಳ ಹಳದಿ ಬಣ್ಣ ಹೀಗೆ ಒಳಸೇರಿದ ಫೆರಿಕ್ ಕಬ್ಬಿಣದ್ದೇ. ಫೆರಸ್ ಅಯಾನಿಗೆ ಇಷ್ಟು ಅನುಕೂಲವಾದ ಸ್ಥಾನ ಈ ಹರಳಿನಲ್ಲಿಲ್ಲ. 1999ರಲ್ಲಿ ವಿಲ್ಕೆ ಮತ್ತು ಬೆರೆನ್ಸ್ ನೀರು ಬೆರೆತ ಟೋನಲೈಟ್ (ಗ್ರಾನೈಟನ್ನು ಹೋಲುವ ಶಿಲೆ) ಪಾಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಆಮ್ಲಜನಕ ಹೆಚ್ಚಿದಂತೆ ಹರಳಿನ ಪಾಲಿಗೆ ಬರುವ ಕಬ್ಬಿಣವೂ ಹೆಚ್ಚಿತು, ಯುರೋಪಿಯಂ ಎಂಬ ವಿರಳ ಮೂಲವಸ್ತು ಮಾತ್ರ ಕಡಿಮೆಯಾಯಿತು. ವಿರುದ್ಧ ದಿಕ್ಕಿಗೆ ಸಾಗುವ ಎರಡು ಸಾಕ್ಷ್ಯಗಳು ಒಂದೇ ಹರಳಿನಲ್ಲಿ ದೊರೆಯುವುದು ಸಣ್ಣ ಅನುಕೂಲವಲ್ಲ.

1964ರಲ್ಲಿ ಬಡಿಂಗ್ಟನ್ ಮತ್ತು ಲಿಂಡ್ಸ್‌ಲಿ ಕಬ್ಬಿಣದ ಆಕ್ಸೈಡ್ ಖನಿಜಗಳ ಜೋಡಿಯಿಂದ ಆಮ್ಲಜನಕವನ್ನು ಅಳೆಯಲು ರೂಪಿಸಿದ ಮ್ಯಾಗ್ನೆಟೈಟ್-ಇಲ್ಮೆನೈಟ್ ವಿಧಾನಕ್ಕೆ ಇಂದಿಗೂ ಮನ್ನಣೆಯಿದೆ. ಆದರೆ ಆ ಜೋಡಿ ಎಲ್ಲ ಶಿಲೆಗಳಲ್ಲೂ ಸಿಗುವುದಿಲ್ಲ, ಸಿಕ್ಕರೂ ಬಿಸಿಯಲ್ಲಿ ಬೇಗನೆ ಹೊಸ ಸ್ಥಿತಿಗೆ ಹೊಂದಿಕೊಂಡು ಹಳೆಯದನ್ನು ಅಳಿಸಿಬಿಡುತ್ತದೆ. ಪ್ಲೇಜಿಯೊಕ್ಲೇಸ್ ಪದರ ಪದರವಾಗಿ ಬೆಳೆಯುವುದರಿಂದ, ಜ್ವಾಲಾಮುಖಿ ಸಿಡಿಯುವ ಮುನ್ನ ಪಾಕ ಹಾದುಬಂದ ಹಲವು ಹಂತಗಳನ್ನು ಅದರ ನಡುವಿನಿಂದ ಅಂಚಿನವರೆಗೆ ಹುಡುಕಬಹುದು.

ವಿರೋಧ

ಈ ರಸಾಯನಶಾಸ್ತ್ರದಲ್ಲಿ ತಪ್ಪಿಲ್ಲ. ಅದನ್ನು ಹಿಂದುಮುಂದಾಗಿಸಿ, ಕಬ್ಬಿಣದಿಂದ ಆಮ್ಲಜನಕವನ್ನು ಊಹಿಸಹೊರಟಾಗ ತೊಡಕು ಎದುರಾಗುತ್ತದೆ. ಪ್ರಯೋಗಾಲಯದಲ್ಲಿ ಪಾಕದ ಕಬ್ಬಿಣ ಎಷ್ಟೆಂಬುದು ಗೊತ್ತಿರುತ್ತದೆ. ಬೆಟ್ಟದಲ್ಲಿ ಸಿಕ್ಕ ಹರಳನ್ನು ಬೆಳೆಸಿದ ಪಾಕವೋ ಬಹಳಷ್ಟು ಸಲ ಉಳಿದೇ ಇರುವುದಿಲ್ಲ. ಪೆರುವಿನ ಎಲ್ ಮಿಸ್ಟಿ ಜ್ವಾಲಾಮುಖಿಯ ಪ್ಲೇಜಿಯೊಕ್ಲೇಸ್‌ನಲ್ಲಿ ಕ್ಯಾಲ್ಸಿಯಂ ಜೊತೆಗೆ ಕಬ್ಬಿಣವೂ ಏರಿದ ಪದರಗಳನ್ನು ಸಂಶೋಧಕರು ಹೊಸ ಪಾಕ ಬಂದು ಬೆರೆತದ್ದರ ಗುರುತೆಂದು ಓದಿದ್ದಾರೆ. ಗ್ರೀನ್‌ಲ್ಯಾಂಡಿನ ಸ್ಕೇರ್‌ಗಾರ್ಡ್ ಗ್ಯಾಬ್ರೋದಲ್ಲಿ (ನೆಲದಾಳದಲ್ಲಿ ನಿಧಾನವಾಗಿ ತಣಿದ ಕಪ್ಪು ಶಿಲೆ) ಇದೇ ಕಬ್ಬಿಣವನ್ನು ಪಾಕ ಹೇಗೆ ವಿಕಸಿಸಿತೆಂದು ತಿಳಿಯಲು ಬಳಸಿದ್ದಾರೆ. ಹಾಗೆ ಲೆಕ್ಕ ಹಾಕಲು ಆಮ್ಲಜನಕದ ಸ್ಥಿತಿಯನ್ನು ಮೊದಲೇ ತಿಳಿದಿರಬೇಕು. ಸಮೀಕರಣ ಒಂದು, ಅಜ್ಞಾತಗಳು ಎರಡು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮ್ಯಾಗ್ನೆಟೈಟ್‌ನದು. ಆಮ್ಲಜನಕ ಹೆಚ್ಚಾದರೆ ಫೆರಿಕ್ ಕಬ್ಬಿಣ ಹೆಚ್ಚಿ ಪ್ಲೇಜಿಯೊಕ್ಲೇಸ್‌ಗೆ ಅನುಕೂಲವಾಗುತ್ತದೆ, ನಿಜ. ಅದೇ ಆಮ್ಲಜನಕ ಮ್ಯಾಗ್ನೆಟೈಟ್ ಬೇಗ ಹರಳುಗಟ್ಟುವಂತೆಯೂ ಮಾಡುತ್ತದೆ, ಮ್ಯಾಗ್ನೆಟೈಟ್ ಪಾಕದ ಕಬ್ಬಿಣವನ್ನು ಹೀರಿಕೊಳ್ಳುತ್ತದೆ. ಒಂದೇ ಕಾರಣ ಕಬ್ಬಿಣವನ್ನು ಮೇಲಕ್ಕೂ ಕೆಳಕ್ಕೂ ಎಳೆಯುವಾಗ ಅಂತಿಮ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡುವುದು ನನ್ನ ದೃಷ್ಟಿಯಲ್ಲಿ ಅವಸರ. ಹರಳಿನೊಳಗೆ ಸಿಕ್ಕಿಬಿದ್ದ ಪಾಕದ ಗಾಜುಹನಿಗಳಿದ್ದರೆ ಮಾತು ಬೇರೆ. ಆಗ ಪಾಕದ ಕಬ್ಬಿಣವನ್ನು ನೇರವಾಗಿ ಅಳೆದು ಹೋಲಿಸಬಹುದು.

ಅಳತೆಯಲ್ಲೂ ಎಚ್ಚರ ಬೇಕು. ಎಲೆಕ್ಟ್ರಾನ್ ಕಿರಣ ಬೀರಿ ಹರಳಿನ ಸಂಯೋಜನೆಯನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಸಾಮಾನ್ಯ ಬಳಕೆಯಲ್ಲಿ ಒಟ್ಟು ಕಬ್ಬಿಣವನ್ನಷ್ಟೇ ಕೊಡುತ್ತದೆ, ಫೆರಸ್ ಎಷ್ಟು ಫೆರಿಕ್ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಹರಳಿನ ಅಂಚಿಗೆ ಹೋದಂತೆ ಪಕ್ಕದ ಕಬ್ಬಿಣಭರಿತ ಗಾಜು ಅಥವಾ ಖನಿಜದಿಂದ ಹೊಮ್ಮುವ ಎಕ್ಸ್-ಕಿರಣಗಳು ಸೇರಿಕೊಂಡು, ಇಲ್ಲದ ಕಬ್ಬಿಣವನ್ನು ಇರುವಂತೆ ತೋರಿಸುತ್ತವೆ. ಆಮ್ಲಜನಕದ ಕೊನೆಯ ಬದಲಾವಣೆಯನ್ನು ಹುಡುಕುವುದೂ ಆ ಅಂಚಿನಲ್ಲೇ.

ಹರಳು ಮೂಡಿದ ಮೇಲೂ ಕಬ್ಬಿಣ ಇದ್ದಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಧಾರವಾಡ ಕ್ರೇಟಾನ್‌ನಲ್ಲಿ (ದಕ್ಷಿಣ ಭಾರತದ ಪುರಾತನ ಭೂಖಂಡ) ಸುಮಾರು 237 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದ ಪಾಕದ ಗೋಡೆಗಳ, ಅಂದರೆ ಡೈಕ್‌ಗಳ, ಫೆಲ್ಡ್‌ಸ್ಪಾರ್ ಹಲವೆಡೆ ಕಂದುಬಣ್ಣಕ್ಕೆ ಮಸುಕಾಗಿದೆ. ಈ ಮಸುಕಿಗೆ ಕಾರಣ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು. ಇಂಥ ಹರಳಿನಲ್ಲಿ ಕಿರಣ ಕಣವೊಂದರ ಮೇಲೆ ಬಿದ್ದರೆ ಕಬ್ಬಿಣ ಹೆಚ್ಚು, ತಿಳಿಯಾದ ಜಾಗದ ಮೇಲೆ ಬಿದ್ದರೆ ಕಡಿಮೆ. ಎರಡರಲ್ಲಿ ಯಾವುದನ್ನೂ ಮೂಲ ಪಾಕದ ಅಳತೆಯೆಂದು ನೇರವಾಗಿ ಒಪ್ಪಲಾಗದು.