ಬಡತನಕ್ಕೆ ಹಸಿರು ಬಟ್ಟೆ ಮದ್ದು

ಬಡತನ ಹೋಗಲಾಡಿಸಲು ಏನು ಬೇಕು? ಕೆಲಸ, ಶಾಲೆ, ನೀರು, ಸೂರು ಅಂತ ತಜ್ಞರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ, ಪಾಪ. ಒಂದಿಷ್ಟು ಹಸಿರು ಬಟ್ಟೆ, ನಾಲ್ಕು ಕಂಬ, ಕಟ್ಟಲು ಹಗ್ಗ ಇದ್ದರೆ ಸಾಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ರಾತ್ರಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಬಡತನ ಮಾಯ.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಆದದ್ದು ಇದೇ. ಜಿ20 ಶೃಂಗಸಭೆ. ಘೋಷವಾಕ್ಯ 'ಒಂದು ಭೂಮಿ, ಒಂದು ಕುಟುಂಬ, ಒಂದು ಭವಿಷ್ಯ'. ಕುಟುಂಬವೇನೋ ಒಂದೇ. ಆದರೆ ನೆಂಟರು ಬಂದಾಗ ಒಳಮನೆ ಬಿಟ್ಟು ಬರಬೇಡಿ ಅನ್ನಿಸಿಕೊಳ್ಳುವವರು ಎಲ್ಲ ಕುಟುಂಬದಲ್ಲೂ ಇರುತ್ತಾರಲ್ವಾ? ಅಂಥವರ, ಅಂದರೆ ಕೊಳಗೇರಿಯವರ ಮನೆಗಳ ಮುಂದೆ ಹಸಿರು ಪರದೆ ಇಳಿಯಿತು. ಅದೇ ಹೊತ್ತಿಗೆ ಕೋತಿಗಳನ್ನು ದೂರವಿಡಲು, ಅವು ಹೆದರುವ ಲಂಗೂರ್ ಅಂದರೆ ಮುಸುವಗಳ ಕಟೌಟ್‌ಗಳೂ ಎದ್ದವು. ಕೋತಿ ಕಾಣಬಾರದು ಅಂತ ಕಟೌಟ್, ಮನುಷ್ಯ ಕಾಣಬಾರದು ಅಂತ ಬಟ್ಟೆ. ಸುಮ್ನೆ ಒಂದೇ ಟೆಂಡರ್‌ನಲ್ಲಿ ಮುಗಿಸಬಹುದಿತ್ತು.

ದೆಹಲಿಗೆ ಈ ವಿದ್ಯೆ ಹೊಸದಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೊಳಗೇರಿಗಳ ಮುಂದೆ ಕೂಟದ ಲಾಂಛನವಾದ ಶೇರಾ ಹುಲಿಯ ದೊಡ್ಡ ದೊಡ್ಡ ಹೋರ್ಡಿಂಗ್‌ಗಳು ನಿಂತಿದ್ದವು. ಆ ಕೂಟದ ಘೋಷವಾಕ್ಯ ಏನು ಗೊತ್ತಾ? 'ಹೊರಗೆ ಬನ್ನಿ, ಆಡಿ'!

ಅಡ್ಡ ಹಾಕುವವರು 'ನಿಮ್ಮನ್ನು ಮುಚ್ಚುತ್ತಿದ್ದೇವೆ' ಅಂತ ಬಾಯಿಬಿಟ್ಟು ಹೇಳುವುದಿಲ್ಲ. 2020ರ ಫೆಬ್ರವರಿಯಲ್ಲಿ ಟ್ರಂಪ್ ಅಹಮದಾಬಾದ್‌ಗೆ ಬರುವ ಮುಂಚೆ, ವಿಮಾನ ನಿಲ್ದಾಣದ ದಾರಿಯಲ್ಲಿದ್ದ ಗುಡಿಸಲುಗಳ ಮುಂದೆ ಗೋಡೆ ಎದ್ದಿತು. ಕೇಳಿದರೆ, ಅದು ಒತ್ತುವರಿ ತಡೆಯಲಿಕ್ಕಂತೆ. ಬ್ರೆಜಿಲ್‌ನ ರಿಯೋದಲ್ಲಿ ವಿಮಾನ ನಿಲ್ದಾಣದ ಹೆದ್ದಾರಿ ಪಕ್ಕದ ಬಡವರ ಬಡಾವಣೆಗಳಿಗೆ 2010ರಲ್ಲಿ ತಡೆಗೋಡೆ ಬಂತು. ಅಲ್ಲಿ ಕೊಟ್ಟ ಕಾರಣ ವಾಹನಗಳ ಸದ್ದು. ಹೆದ್ದಾರಿ ಮಾಡಿ ಎಷ್ಟೋ ವರ್ಷವಾದ ಮೇಲೆ, ವಿಶ್ವಕಪ್ಪು ಒಲಿಂಪಿಕ್ಸು ಹತ್ತಿರ ಬಂದಾಗ, ಜನರ ಕಿವಿ ಮೇಲೆ ಇಷ್ಟೊಂದು ಕಾಳಜಿ ಉಕ್ಕಿದೆ ನೋಡಿ.

ಆದರೆ ಪದಕ ಕೊಡುವುದಾದರೆ ನನ್ನ ಮತ ಫಿಲಿಪ್ಪೀನ್ಸ್ ರಾಜಧಾನಿ ಮನಿಲಾಕ್ಕೆ. ಸರ್ವಾಧಿಕಾರಿ ಮಾರ್ಕೋಸ್‌ನ ಹೆಂಡತಿ ಇಮೆಲ್ಡಾ ಮಾರ್ಕೋಸ್ ಕಾಲದಿಂದಲೂ ಬೇಲಿ ಕಟ್ಟಿ ಅಭ್ಯಾಸವಿರುವ ಊರು. 2012ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ವಾರ್ಷಿಕ ಸಭೆ ಅಲ್ಲಿ ನಡೆಯಿತು. ಬಡತನ ತಗ್ಗಿಸುವುದೇ ಆ ಬ್ಯಾಂಕಿನ ಕಸುಬು. ಪ್ರತಿನಿಧಿಗಳು ವಿಮಾನ ಇಳಿದು ಬರುವ ದಾರಿಯಲ್ಲಿದ್ದ ಕೊಳಗೇರಿಯನ್ನು ತಾತ್ಕಾಲಿಕ ಗೋಡೆ ಕಟ್ಟಿ ಮರೆಮಾಡಿದರು. ಬಡತನದ ಬಗ್ಗೆ ಮಾತಾಡಲು ಬಂದವರಿಗೆ ಬಡತನ ಕಂಡು ಬೇಜಾರಾಗಬಾರದಲ್ಲ.

ಹಾಗಾದರೆ ಮರೆಮಾಡಿದ್ದು ಏನನ್ನು? ಬರೀ ಬಡತನವನ್ನು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅತಿಥಿಯ ಹೋಟೆಲಿನ ಚಾದರ ಒಗೆಯುವವಳು, ಅವರು ಓಡಾಡುವ ರಸ್ತೆ ಗುಡಿಸುವವನು, ಮೆರವಣಿಗೆಯ ದಾರಿಗೆ ಬಣ್ಣ ಬಳಿಯುವವನು ಬೆಳಗ್ಗೆ ಐದಕ್ಕೆ ಎದ್ದು ಬರುವುದು ಇಂಥ ಗಲ್ಲಿಗಳಿಂದಲೇ. ಅವಳು ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವುದು ಪಕ್ಕದ ಮನೆ ಅಜ್ಜಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕೊಡ ಹಿಡಿದು ನಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ಸಭೆಯೊಳಗೆ 'ಸಮುದಾಯದ ಸಹಭಾಗಿತ್ವ' ಅಂತ ಸ್ಲೈಡ್ ಹಾಕಿ ತೋರಿಸುವ ವಸ್ತು ಇದೇ ಇರಬೇಕು. ಹೊರಗೆ ಅದಕ್ಕೇ ಬಟ್ಟೆ ಕಟ್ಟಿದ್ದಾರೆ.

ರಸ್ತೆ ಅಂಚಿನಲ್ಲಿ ಪುಟ್ಟ ಅಂಗಡಿ ಇಟ್ಟವರ ಪಾಡು ಕೇಳಬೇಡಿ. ಗಿರಾಕಿಗೆ ಅಂಗಡಿ ಕಾಣುವುದಿಲ್ಲ, ಅಂಗಡಿಗೆ ಗಾಳಿ ಬರುವುದಿಲ್ಲ. ಆಚೆಕಡೆ ವೇದಿಕೆಯಲ್ಲಿ 'ಎಲ್ಲರಿಗೂ ಅವಕಾಶ' ಅಂತ ಭಾಷಣ. ಇನ್ನು ಓದಿದ ಹುಡುಗರು ಕೆಲಸದ ಅರ್ಜಿಯಲ್ಲಿ ಏರಿಯಾ ಹೆಸರು ಬರೆಯಲು ಮೊದಲೇ ಹಿಂಜರಿಯುತ್ತಾರೆ. ಈಗ ಏನು ಬರೆಯಬೇಕು, 'ಪರದೆಯ ಹಿಂದೆ, ಮೂರನೇ ಕಂಬ' ಅಂತಲೇ?

ಖರ್ಚು ಉಳಿಸಲು ನನ್ನದೊಂದು ಸಲಹೆ. ಇಡೀ ಬಡಾವಣೆಗೆ ಬಟ್ಟೆ ಸುತ್ತುವ ಬದಲು ಅತಿಥಿಗಳ ಕಾರಿನ ಕಿಟಕಿಗೇ ಪರದೆ ಹಾಕಿಬಿಡಿ. ಎಷ್ಟು ಅಗ್ಗ! ಆದರೆ ಒಪ್ಪುವುದಿಲ್ಲ, ಗೊತ್ತು. ಆಗ ದಾರಿಯುದ್ದಕ್ಕೂ ಜೋಡಿಸಿಟ್ಟ ಹೂಕುಂಡಗಳೂ ಕಾಣುವುದಿಲ್ಲವಲ್ಲ.

ಹೂಕುಂಡ ಅಂದೆನಲ್ಲ, 2023ರಲ್ಲೇ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಜಿ20 ಸಭೆಗೆಂದು ಇಟ್ಟಿದ್ದ ಕುಂಡಗಳನ್ನು ಹಾಡಹಗಲೇ ಹೊತ್ತುಕೊಂಡು ಹೋಗುವ ವಿಡಿಯೊ ದೇಶವೆಲ್ಲ ಓಡಾಡಿತು. ಒಯ್ದವರು ಬಂದದ್ದು ದುಬಾರಿ ಕಾರಿನಲ್ಲಿ. ಕುಂಡಗಳನ್ನು ಡಿಕ್ಕಿಗೆ ತುಂಬಿಕೊಂಡು ಹೊರಟೇಬಿಟ್ಟರು. ಅಂಥವರು ಇರುವ ಬಡಾವಣೆಗೆ ಎಷ್ಟು ಮೀಟರ್ ಬಟ್ಟೆ ಬೇಕಾದೀತು ಅಂತ ಇದುವರೆಗೆ ಯಾರೂ ಅಳೆದಿಲ್ಲ.